ಆರನೆಯ ಸೂನೆ

ಗೃಹಸ್ಥನ ಮನೆಯಲ್ಲಿ ಐದು ಹಿಂಸಾಸ್ಥಾನಗಳುಂಟೆಂದು ಮನುಸ್ಮೃತಿಯು ಹೇಳುತ್ತದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ, ಇವೇ ಆ ಐದು. ಇವುಗಳಿಗೆ ಸೂನೆಗಳೆಂದು ಹೆಸರು. ಸೂನೆಯೆಂದರೆ ವಧಸ್ಥಾನ. ಅನ್ನ ಬೇಯಿಸುವವರಿಗೆ ಸೌದೆಯೊಳಗಿನ ಹುಳುವಿನ ಮೇಲೆ ದ್ವೇಷವಿಲ್ಲ. ಅಂಗಳ ಗುಡಿಸುವವರು ಇರುವೆಯನ್ನು ಕೊಲ್ಲಬೇಕೆಂದು ಪೊರಕೆ ಹಿಡಿಯುವುದಿಲ್ಲ. ಆದರೂ ಹುಳು ಬೇಯುತ್ತದೆ, ಇರುವೆ ಸಾಯುತ್ತದೆ. ಸಂಕಲ್ಪವಿಲ್ಲದೆ, ಕಣ್ಣಿಗೆ ಬೀಳದೆ, ದಿನದಿನವೂ ನಡೆಯುವ ಈ ಹಿಂಸೆಯನ್ನು ಶಾಸ್ತ್ರಕಾರರು ಕಡೆಗಣಿಸಲಿಲ್ಲ. ಹಾಗೆಂದು ಒಲೆಯನ್ನು ಆರಿಸಿ ಉಪವಾಸವಿರೆಂದು ಗೃಹಸ್ಥನಿಗೆ ವಿಧಿಸಲೂ ಇಲ್ಲ. ದೋಷವುಂಟೆಂದು ಒಪ್ಪಿಕೊಳ್ಳಬೇಕು, ಒಪ್ಪಿಕೊಂಡು ಪಂಚಮಹಾಯಜ್ಞಗಳೆಂಬ ನಿತ್ಯಕರ್ತವ್ಯಗಳಿಂದ ಅದನ್ನು ಪರಿಹರಿಸಿಕೊಳ್ಳಬೇಕು ಎಂಬುದೇ ಅವರು ತೋರಿಸಿದ ದಾರಿ.

ಈಗಿನ ಮನೆಗಳಲ್ಲಿ ಬೀಸುವ ಕಲ್ಲು ಅಟ್ಟವನ್ನು ಸೇರಿದೆ. ಒನಕೆಯು ಮದುವೆಯ ಶಾಸ್ತ್ರಕ್ಕೆ ಮಾತ್ರ ಹೊರಗೆ ಬರುತ್ತದೆ. ಆದರೆ ಹೊಸದೊಂದು ಸಾಧನವು ಎಲ್ಲರ ಅಂಗೈಯಲ್ಲಿಯೂ ನೆಲೆಸಿದೆ. ಮೊಬೈಲ್ ಫೋನಿನ ಗಾಜನ್ನು ಬೆರಳಿನಿಂದ ಮುಟ್ಟಿದೊಡನೆ ಜಾಲತಾಣವೊಂದರ ಪುಟವು ತೆರೆಯುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ, ಸದ್ದಿಲ್ಲ. ಇಷ್ಟು ಶುಚಿಯಾಗಿ ತೋರುವ ಈ ವ್ಯವಹಾರವೂ ಒಂದು ಸೂನೆಯೇ? ಆಗಿದ್ದರೆ ಅದರ ದೋಷವು ಯಾರಿಗೆ? ಅದಕ್ಕೆ ಪರಿಹಾರವೇನು? ಈ ಮೂರು ಪ್ರಶ್ನೆಗಳು ಇಂದಿನ ಗೃಹಸ್ಥನಿಗೆ ವಿಚಾರಾರ್ಹವಾದುವು.

ಪುಟವು ತೆರೆಯುವುದೆಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಅದು ಕೈಯಲ್ಲಿರುವ ಫೋನಿನೊಳಗೆ ಇರುವುದಿಲ್ಲ. ಎಲ್ಲಿಯೋ ದೂರದ ಡೇಟಾ ಸೆಂಟರ್ ಎಂಬ ಕಟ್ಟಡದಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಗಣಕಯಂತ್ರಗಳಲ್ಲಿ ಇರುತ್ತದೆ. ಕೇಳುವವರು ಇರಲಿ, ಇಲ್ಲದಿರಲಿ, ಆ ಯಂತ್ರಗಳು ಹಗಲಿರುಳೂ ಎಚ್ಚರವಾಗಿರಬೇಕು. ಎಚ್ಚರವಾಗಿರುವ ಯಂತ್ರವು ಕಾಯುತ್ತದೆ. ಕಾದುದನ್ನು ತಣಿಸುವುದಕ್ಕೆ ಮತ್ತಷ್ಟು ವಿದ್ಯುತ್ತು ಬೇಕು. ಅನೇಕ ಕಡೆಗಳಲ್ಲಿ ನೀರನ್ನು ಆವಿಯಾಗಿಸಿ ತಣಿಸುವುದರಿಂದ ನೀರೂ ಬೇಕು. ಅಲ್ಲಿಂದ ಹೊರಟ ಪುಟವು ಸಮುದ್ರದಡಿಯ ಮತ್ತು ನೆಲದಡಿಯ ತಂತಿಗಳ ಮೂಲಕ ಬಂದು, ಊರಿನ ಗೋಪುರವನ್ನು ಮುಟ್ಟಿ, ಕೊನೆಗೆ ಅಂಗೈಯನ್ನು ಸೇರುತ್ತದೆ. ಈ ದಾರಿಯ ಪ್ರತಿಯೊಂದು ಹೆಜ್ಜೆಗೂ ವಿದ್ಯುತ್ತೇ ಆಹಾರ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2024ರಲ್ಲಿ ಪ್ರಪಂಚದ ಡೇಟಾ ಸೆಂಟರುಗಳು ಸುಮಾರು 41,500 ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸಿದುವು. ಅದು ಲೋಕದ ಒಟ್ಟು ವಿದ್ಯುತ್ ಬಳಕೆಯಲ್ಲಿ ನೂರಕ್ಕೆ ಒಂದೂವರೆ ಪಾಲು. 2030ರ ಹೊತ್ತಿಗೆ ಅದು 94,500 ಕೋಟಿ ಯೂನಿಟ್‌ಗೆ ಏರೀತೆಂದು ಅದೇ ಸಂಸ್ಥೆಯ ಅಂದಾಜು. ಈ ಏರಿಕೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಮುಖ್ಯ ಕಾರಣ. ಜಾಲತಾಣಗಳದು ಇದರಲ್ಲಿ ಒಂದಂಶ ಮಾತ್ರ. ಆದರೆ ಮನೆಮನೆಯವರೂ ದಿನಕ್ಕೆ ಹತ್ತಾರು ಬಾರಿ ಕೈಯಿಡುವ ಅಂಶವು ಅದೇ. ಭಾರತದಲ್ಲಿ ಉತ್ಪನ್ನವಾಗುವ ವಿದ್ಯುತ್ತಿನ ಮುಕ್ಕಾಲು ಪಾಲಿನಷ್ಟು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿರುವುದರಿಂದ, ಈ ವ್ಯವಹಾರಕ್ಕೂ ಒಂದು ಒಲೆ ಉಂಟೆಂಬುದು ಸಿದ್ಧವಾಯಿತು. ಆ ಒಲೆಯು ಅಡಿಗೆಮನೆಯಲ್ಲಿಲ್ಲ, ಶಕ್ತಿನಗರದಂತಹ ಊರುಗಳಲ್ಲಿದೆ.

ಒಲೆಯು ಇರುವುದೇ ದೋಷವಲ್ಲ. ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಸೌದೆಯನ್ನು ಒಟ್ಟುವುದು ದೋಷ. 1989ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. 1993ರಲ್ಲಿ ಆ ಸಂಸ್ಥೆಯು ಅದನ್ನು ಯಾವ ಪ್ರತಿಫಲವನ್ನೂ ಬಯಸದೆ ಲೋಕಕ್ಕೆ ಒಪ್ಪಿಸಿತು. ಆ ಮೊದಲನೆಯ ಜಾಲತಾಣದಲ್ಲಿ ಅಕ್ಷರಗಳು, ಒಂದು ಪುಟದಿಂದ ಮತ್ತೊಂದಕ್ಕೆ ಕೊಂಡೊಯ್ಯುವ ಕೊಂಡಿಗಳು, ಇವು ವಿನಾ ಬೇರೇನೂ ಇರಲಿಲ್ಲ. ಎಚ್‌ಟಿಟಿಪಿ ಆರ್ಕೈವ್ ಎಂಬ ಸಂಗ್ರಹದ ಲೆಕ್ಕದಂತೆ, ನಡುಮಟ್ಟದ ಪುಟವೊಂದರ ತೂಕವು 2010ರ ಕೊನೆಯಲ್ಲಿ ಐದುನೂರು ಕಿಲೋಬೈಟಿಗೂ ಕಡಿಮೆಯಿತ್ತು. 2024ರಲ್ಲಿ ಅದು ಎರಡೂವರೆ ಮೆಗಾಬೈಟನ್ನು ಮೀರಿತು. ಎಂದರೆ ಹದಿನಾಲ್ಕು ವರ್ಷಗಳಲ್ಲಿ ಐದು ಪಟ್ಟು. ಓದುವ ವಿಷಯವು ಐದು ಪಟ್ಟಾಯಿತೇ? ಪತ್ರಿಕೆಯಲ್ಲಿ ನಾಲ್ಕೈದು ಪುಟ ತುಂಬುವ ಕನ್ನಡ ಪ್ರಬಂಧವೊಂದರ ಅಕ್ಷರಗಳೆಲ್ಲ ಸೇರಿದರೂ ನಲವತ್ತು ಕಿಲೋಬೈಟಿನಷ್ಟೇ ಆಗುತ್ತವೆ. ಅಂತಹ ಅರುವತ್ತು ಪ್ರಬಂಧಗಳನ್ನು ಹೊರಬಲ್ಲ ಬಂಡಿಯಲ್ಲಿ ಈಗ ಒಂದೇ ಸುದ್ದಿಯು ಬರುತ್ತಿದೆ. ಮಿಕ್ಕ ಭಾರವೆಲ್ಲ ಅಂಗುಲದಷ್ಟು ಜಾಗದಲ್ಲಿ ತೋರಿಸುವುದಕ್ಕಾಗಿ ಗೋಡೆಯಗಲದ ಗಾತ್ರದಲ್ಲಿಯೇ ಕಳುಹಿಸಿದ ಚಿತ್ರಗಳು, ಯಾರೂ ಕೇಳದಿದ್ದರೂ ತಾವಾಗಿ ಓಡತೊಡಗುವ ಚಲಚ್ಚಿತ್ರಗಳು, ಜಾಹೀರಾತುಗಳು, ಹಾಗೂ ಓದುಗನು ಎಲ್ಲಿ ನಿಂತನು, ಏನನ್ನು ಮುಟ್ಟಿದನು ಎಂದು ಬೇಹು ನಡೆಸುವ ಗುಪ್ತಲಿಪಿಗಳು.

ಮಿತವಾಗಿ ಹೇಳುವುದು ಈ ದೇಶದ ವಿದ್ಯೆಗೆ ಹೊಸತಲ್ಲ. ಪಾಣಿನಿಯು ಒಂದು ಭಾಷೆಯ ವ್ಯಾಕರಣವನ್ನೆಲ್ಲ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಅಡಗಿಸಿದನು. ತರ್ಕಶಾಸ್ತ್ರದಲ್ಲಿ ಬೇಡದ ಕಲ್ಪನೆಯನ್ನು ಹೊರಿಸಿದರೆ ಅದಕ್ಕೆ ‘ಗೌರವ’ವೆಂಬ ದೋಷವನ್ನು ಹೇಳುತ್ತಾರೆ, ಅಲ್ಲಿ ಗೌರವವೆಂದರೆ ಮನ್ನಣೆಯಲ್ಲ, ಭಾರ. ಓಲೆಗರಿಯ ಮೇಲೆ ಬರೆಯುವವನು ಗರಿಯನ್ನು ಹದಮಾಡಿ, ಕಂಟದಿಂದ ಒಂದೊಂದಾಗಿ ಅಕ್ಷರವನ್ನು ಕೊರೆಯಬೇಕಾಗಿತ್ತು. ಆದಕಾರಣ ಅವನ ಕೈಯೇ ಅವನಿಗೆ ಮಿತವನ್ನು ಕಲಿಸಿತು. ಈಗ ಪುಟವನ್ನು ಕಟ್ಟುವವನಿಗೆ ಅಂತಹ ಗುರುವಿಲ್ಲ. ಭಾರವನ್ನು ಹೇರುವವನೊಬ್ಬ, ಹೊರುವವನು ಮತ್ತೊಬ್ಬನಾದುದರಿಂದ ಹೇರುವ ಕೈಗೆ ನೋವು ತಿಳಿಯದು.

ಇಲ್ಲಿ ಕೆಲವು ಪೂರ್ವಪಕ್ಷಗಳು ಏಳುತ್ತವೆ. ಒಂದು ಪುಟಕ್ಕೆ ತಗಲುವ ವಿದ್ಯುತ್ತು ಅತ್ಯಲ್ಪ. ಇದಕ್ಕೆಲ್ಲ ಧರ್ಮಾಧರ್ಮದ ವಿಚಾರವೇಕೆ ಎಂಬುದು ಮೊದಲನೆಯದು. ಅಲ್ಪವೆಂಬುದು ನಿಜ. ಆದರೆ ಕರ್ನಾಟಕದಲ್ಲಿ ವರ್ಷವರ್ಷವೂ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರುತ್ತಾರೆ. ಫಲಿತಾಂಶದ ದಿನ ಪ್ರತಿಯೊಬ್ಬರಿಗೂ ಬೇಕಾದುದು ತಮ್ಮ ನೋಂದಣಿ ಸಂಖ್ಯೆ ಮತ್ತು ಆರು ವಿಷಯಗಳ ಅಂಕಗಳು, ಇಷ್ಟೇ. ಅದನ್ನು ಎರಡೂವರೆ ಮೆಗಾಬೈಟಿನ ಪುಟದಲ್ಲಿಟ್ಟು ಕೊಟ್ಟರೆ, ಎಂಟು ಲಕ್ಷ ಮಂದಿ ಒಮ್ಮೊಮ್ಮೆ ತೆರೆಯುವಷ್ಟರಲ್ಲಿ ಇಪ್ಪತ್ತು ಲಕ್ಷ ಮೆಗಾಬೈಟು ಸಾಗಬೇಕು. ಇಪ್ಪತ್ತೈದು ಕಿಲೋಬೈಟಿನ ಪುಟದಲ್ಲಿಟ್ಟರೆ ಇಪ್ಪತ್ತು ಸಾವಿರ ಮೆಗಾಬೈಟು ಸಾಕು. ಮಗುವಿಗೆ ಸಿಕ್ಕಿದ ಅಂಕವು ಎರಡರಲ್ಲಿಯೂ ಒಂದೇ. ಒಬ್ಬನು ಮಾಡಿದ ನಿರ್ಣಯವು ಲಕ್ಷ ಬಾರಿ ಗುಣಿಸಲ್ಪಡುವಾಗ ಆ ನಿರ್ಣಯವನ್ನು ಅಲ್ಪವೆನ್ನಲು ಬರುವುದಿಲ್ಲ.

ಸೂರ್ಯನ ಶಕ್ತಿಯಿಂದ ವಿದ್ಯುತ್ತು ಬರುವಾಗ ಮಿತವೇಕೆ ಎಂಬುದು ಎರಡನೆಯದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ರೈತರು ಗೇಣಿಗೆ ಕೊಟ್ಟ ಭೂಮಿಯದು. ಬಿಸಿಲಿಗೆ ಬೆಲೆಯಿಲ್ಲದಿರಬಹುದು, ನೆಲಕ್ಕೆ ಬೆಲೆಯುಂಟು, ಹಲಗೆಗೆ ಬೆಲೆಯುಂಟು. ಅಲ್ಲದೆ ಅಲ್ಲಿ ಹುಟ್ಟಿದ ಯೂನಿಟೊಂದು ಯಾರೂ ನೋಡದ ಜಾಹೀರಾತಿಗೆ ವ್ಯಯವಾದರೆ, ಆ ಹೊತ್ತಿಗೆ ಪಂಪಿಗೆ ಬೇಕಾದ ಯೂನಿಟನ್ನು ಮತ್ತೆ ಕಲ್ಲಿದ್ದಲಿನಿಂದಲೇ ತರಬೇಕಾಗುತ್ತದೆ.

ಯಂತ್ರಗಳು ವರ್ಷದಿಂದ ವರ್ಷಕ್ಕೆ ಕುಶಲವಾಗುತ್ತಿವೆ. ಕಾಲವೇ ಇದನ್ನು ಸರಿಪಡಿಸುತ್ತದೆ ಎಂಬುದು ಮೂರನೆಯದು. ಇದಕ್ಕೆ ಉತ್ತರವನ್ನು 1865ರಲ್ಲಿಯೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನಾದ ಜೆವನ್ಸನು ಕೊಟ್ಟಿದ್ದಾನೆ. ಉಗಿಯಂತ್ರವು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಆ ದೇಶದಲ್ಲಿ ಕಲ್ಲಿದ್ದಲು ಉಳಿಯಲಿಲ್ಲ; ಯಂತ್ರಗಳೇ ಹೆಚ್ಚಿ ಅದರ ಖರ್ಚು ಏರಿತು ಎಂದು ಅವನು ತೋರಿಸಿದನು. ದಾರಿಯು ಅಗಲವಾದಷ್ಟೂ ಬಂಡಿಯ ಹೇರು ಹೆಚ್ಚುತ್ತದೆ. ಕೌಶಲವು ಸಂಯಮದ ಸಹಾಯಕನೇ ಹೊರತು ಅದರ ಸ್ಥಾನದಲ್ಲಿ ನಿಲ್ಲತಕ್ಕುದಲ್ಲ.

ಜಾಲತಾಣವು ಕಾಗದವನ್ನೂ ಪ್ರಯಾಣವನ್ನೂ ಉಳಿಸಿದೆ ಎಂಬ ನಾಲ್ಕನೆಯ ಮಾತು ಮಾತ್ರ ಒಪ್ಪತಕ್ಕುದೇ. ಪಹಣಿಯ ಪ್ರತಿಗಾಗಿ ತಾಲ್ಲೂಕು ಕಚೇರಿಗೆ ದಿನಗಟ್ಟಲೆ ಅಲೆಯುತ್ತಿದ್ದವನು ಊರಿನಲ್ಲಿಯೇ ಅದನ್ನು ಪಡೆದರೆ ಅದು ಪುಣ್ಯಕಾರ್ಯವೇ ಸರಿ. ಆದರೆ ಇದರಿಂದ ಒಲೆಯು ಬೇಕೆಂಬುದು ಸಿದ್ಧಿಸುತ್ತದೆಯೇ ಹೊರತು, ಅದರಲ್ಲಿ ಹೊರೆಗಟ್ಟಲೆ ಸೌದೆಯನ್ನು ಉರಿಸಬಹುದೆಂಬುದು ಸಿದ್ಧಿಸುವುದಿಲ್ಲ.

ಈ ದೋಷಕ್ಕೆ ಇನ್ನೂ ಒಂದು ಮುಖವುಂಟು. ಹಳ್ಳಿಯೊಂದರಲ್ಲಿ ಅಣ್ಣನು ಬಳಸಿ ಬಿಟ್ಟ ಫೋನಿನಲ್ಲಿ ಓದಿಕೊಳ್ಳುವ ಹುಡುಗಿಯೊಬ್ಬಳನ್ನು ಭಾವಿಸಬಹುದು. ವಿದ್ಯಾರ್ಥಿವೇತನದ ಪುಟವನ್ನು ಅವಳು ತೆರೆಯುತ್ತಾಳೆ. ಚಿತ್ರಗಳೂ ಗುಪ್ತಲಿಪಿಗಳೂ ಒಂದರ ಮೇಲೊಂದು ಬಂದು ಬೀಳುತ್ತಿರಲು ಫೋನು ಬಿಸಿಯಾಗಿ ನಿಂತುಹೋಗುತ್ತದೆ. ದಿನಕ್ಕಿಷ್ಟೆಂದು ಹಣ ಕೊಟ್ಟು ಹಾಕಿಸಿದ ಡೇಟಾ ಅರ್ಜಿಯನ್ನು ತುಂಬುವ ಮೊದಲೇ ಮುಗಿಯುತ್ತದೆ. ಫೋನು ಹಳೆಯದಾಯಿತೆಂದು ಮನೆಯವರು ಸಾಲಮಾಡಿ ಮತ್ತೊಂದನ್ನು ತರುತ್ತಾರೆ. ವಾಸ್ತವವಾಗಿ ಫೋನು ಹಳೆಯದಾದುದಲ್ಲ, ಪುಟವು ಬೊಜ್ಜು ಬೆಳೆಸಿಕೊಂಡಿತು. ಫೋನೊಂದು ತನ್ನ ಜೀವಮಾನದಲ್ಲಿ ವಾಯುಮಂಡಲಕ್ಕೆ ಸೇರಿಸುವ ಅಂಗಾರಾಮ್ಲದ ಬಹುಪಾಲು ಅದರ ತಯಾರಿಕೆಯಲ್ಲಿಯೇ ಮುಗಿದಿರುತ್ತದೆ. ಆದುದರಿಂದ ಹಳೆಯ ಫೋನನ್ನು ಇನ್ನೆರಡು ವರ್ಷ ಬಾಳಿಸುವುದು ದೊಡ್ಡ ಉಳಿತಾಯ. ಅಕಾಲದಲ್ಲಿ ಅದನ್ನು ಎಸೆಯುವಂತೆ ಮಾಡುವುದು ದೊಡ್ಡ ಹಾನಿ. 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸವು ಹುಟ್ಟಿತೆಂದೂ, ಅದರಲ್ಲಿ ಕಾಲುಭಾಗಕ್ಕಿಂತ ಕಡಿಮೆ ಕಸವು ಮಾತ್ರ ಕ್ರಮವಾಗಿ ಸಂಗ್ರಹವಾಯಿತೆಂದೂ ವಿಶ್ವಸಂಸ್ಥೆಯ ಅಂಗಗಳು ಸೇರಿ ಪ್ರಕಟಿಸಿದ ವರದಿಯು ತಿಳಿಸುತ್ತದೆ. ಹೀಗೆ ಪುಟದ ಭಾರವು ಮೊದಲು ಬಡವರ ಹೆಗಲ ಮೇಲೆ, ಆಮೇಲೆ ಭೂಮಿಯ ಮೇಲೆ ಬೀಳುತ್ತದೆ.

ಹಾಗಾದರೆ ದೋಷವು ಯಾರದು? ಒಂದು ಕರ್ಮದ ಫಲದಲ್ಲಿ ಮಾಡಿದವನಿಗೂ, ಮಾಡಿಸಿದವನಿಗೂ, ಅನುಮೋದಿಸಿದವನಿಗೂ ಪಾಲುಂಟೆಂಬುದು ಹಿರಿಯರ ನಿರ್ಣಯ. ಆದರೆ ಪಾಲುಗಳು ಸಮವಲ್ಲ; ತಿಳಿವಳಿಕೆಯೂ ಸ್ವಾತಂತ್ರ್ಯವೂ ಇದ್ದಷ್ಟು ಹೊಣೆ. ಓದುಗನಿಗೆ ಪುಟದ ತೂಕವು ತೆರೆಯುವ ಮೊದಲು ತಿಳಿಯುವುದೇ ಇಲ್ಲ. ಅವನ ಪಾಲು ಸಣ್ಣದು. ಪುಟವನ್ನು ಕಟ್ಟುವ ಶಿಲ್ಪಿಗೆ ತಿಳಿದಿರುತ್ತದೆ. ಅವನ ಪಾಲು ದೊಡ್ಡದು. ಚಿತ್ರವು ಇನ್ನೂ ಥಳಥಳಿಸಲಿ, ಜಾಹೀರಾತು ಇನ್ನೆರಡಿರಲಿ ಎಂದು ಶಿಲ್ಪಿಗೆ ಅಪ್ಪಣೆ ಮಾಡುವ ಯಜಮಾನನ ಪಾಲು ಎಲ್ಲಕ್ಕಿಂತ ದೊಡ್ಡದು. ಉಣ್ಣುವವನನ್ನು ಬೈದು ಬಡಿಸುವವನನ್ನು ಬಿಟ್ಟುಬಿಡುವ ನೀತಿಯು ನೀತಿಯಲ್ಲ.

ಐದು ಸೂನೆಗಳಿಗೆ ಐದು ಯಜ್ಞಗಳಿದ್ದಂತೆ ಈ ಆರನೆಯದಕ್ಕೂ ಐದು ಕರ್ತವ್ಯಗಳನ್ನು ಹೇಳಬಹುದು. ಪ್ರಯೋಜನವಿಲ್ಲದ ಚಿತ್ರವನ್ನು ಇಡದಿರುವುದು, ಇಡುವ ಚಿತ್ರವನ್ನು ತೋರಿಸುವಷ್ಟೇ ಗಾತ್ರಕ್ಕೆ ಕುಗ್ಗಿಸುವುದು ಒಂದು. ಓದುಗನು ಕೇಳದೆ ಚಲಚ್ಚಿತ್ರವನ್ನು ಓಡಿಸದಿರುವುದು ಎರಡು. ಬೇಹು ನಡೆಸುವ ಲಿಪಿಗಳನ್ನು ತೆಗೆದುಹಾಕುವುದು ಮೂರು. ಇದರಿಂದ ಭಾರವೂ ಇಳಿಯುತ್ತದೆ, ಮಾನವೂ ಉಳಿಯುತ್ತದೆ. ಬಂದವರಿಗೆಲ್ಲ ಪ್ರತಿಸಲವೂ ಹೊಸದಾಗಿ ಬೇಯಿಸುವುದಕ್ಕೆ ಬದಲಾಗಿ, ಬದಲಾಗದ ಪುಟವನ್ನು ಒಮ್ಮೆ ಸಿದ್ಧಪಡಿಸಿಟ್ಟು ಅದನ್ನೇ ಬಡಿಸುವುದು ನಾಲ್ಕು. ಕಟ್ಟಿದ ಪುಟವನ್ನು ಹಳೆಯ ಫೋನೊಂದರಲ್ಲಿ ತೆರೆದು ನೋಡಿದ ಹೊರತು ಲೋಕಕ್ಕೆ ಬಿಡದಿರುವುದು ಐದು. ಇವುಗಳಲ್ಲಿ ಯಾವುದೂ ದುಸ್ಸಾಧ್ಯವಲ್ಲ. ಜಾಲದ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಸಮುದಾಯವೊಂದು 2023ರಲ್ಲಿ ಇಂತಹ ಮಾರ್ಗದರ್ಶಿ ಸೂತ್ರಗಳ ಕರಡನ್ನೇ ಪ್ರಕಟಿಸಿದೆ.

ಇದಕ್ಕೆ ನಿದರ್ಶನವೂ ಉಂಟು. ಲೋ-ಟೆಕ್ ಮ್ಯಾಗಜೀನ್ ಎಂಬ ಪತ್ರಿಕೆಯು 2018ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಮನೆಯೊಂದರಲ್ಲಿ, ಸೌರಹಲಗೆ ಮತ್ತು ಬ್ಯಾಟರಿಯ ಆಧಾರದಿಂದಲೇ ನಡೆಯುವ ಜಾಲತಾಣವನ್ನು ಸ್ಥಾಪಿಸಿತು. ಅದನ್ನು ನಡೆಸುವ ಗಣಕಯಂತ್ರವು ಅಂಗೈಯಗಲದ್ದು. ಚಿತ್ರಗಳನ್ನು ಕೆಲವೇ ಛಾಯೆಗಳ ಚುಕ್ಕೆಗಳಾಗಿ ಇಳಿಸಿದ್ದಾರೆ. ಪುಟಗಳನ್ನೆಲ್ಲ ಮೊದಲೇ ಸಿದ್ಧಪಡಿಸಿಟ್ಟಿದ್ದಾರೆ. ಮೋಡ ಕವಿದ ದಿನಗಳು ಒಂದರ ಹಿಂದೊಂದು ಬಂದು ಬ್ಯಾಟರಿ ಬರಿದಾದರೆ ತಾಣವು ನಿಂತುಹೋಗುವುದೂ ಉಂಟು. ಬಿಸಿಲು ಬಂದಾಗ ತಾನೇ ಏಳುತ್ತದೆ. ಏಕಾದಶಿಯ ಉಪವಾಸವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದು. ಆಸ್ಪತ್ರೆಯ ತಾಣವೂ ಬ್ಯಾಂಕಿನ ತಾಣವೂ ಹೀಗೆ ಉಪವಾಸ ಮಾಡಲಾರವು, ಮಾಡಲೂಬಾರದು. ಆದರೆ ಎಲ್ಲ ತಾಣಗಳೂ ಎಲ್ಲ ಹೊತ್ತಿನಲ್ಲಿಯೂ ಹಬ್ಬದೂಟವನ್ನೇ ಬಡಿಸುತ್ತಿರಬೇಕೆಂಬ ನಿಯಮವಿಲ್ಲವೆಂಬುದನ್ನು ಆ ಸಣ್ಣ ಪತ್ರಿಕೆಯು ಮಾಡಿ ತೋರಿಸಿದೆ.

ಹಳೆಯ ಒಲೆಗೂ ಈ ಹೊಸ ಒಲೆಗೂ ಇರುವ ಭೇದವೊಂದೇ. ಹಳೆಯದರ ಹೊಗೆಯು ಹಚ್ಚಿದವರ ಕಣ್ಣಿಗೇ ಬರುತ್ತಿತ್ತು. ಸೌದೆ ಹೆಚ್ಚಾಯಿತೆಂದು ಹೇಳುವುದಕ್ಕೆ ಬೇರೆ ಶಾಸ್ತ್ರವು ಬೇಕಿರಲಿಲ್ಲ, ಕಣ್ಣೀರೇ ಹೇಳುತ್ತಿತ್ತು. ಈಗಿನ ಒಲೆಯನ್ನು ಹಚ್ಚುವವರು ಒಂದೂರಿನಲ್ಲಿ, ಹೊಗೆ ಕುಡಿಯುವವರು ಮತ್ತೊಂದೂರಿನಲ್ಲಿ. ಆದುದರಿಂದ ಅಂದು ಹೊಗೆಯು ಮಾಡುತ್ತಿದ್ದ ಕೆಲಸವನ್ನು ಇಂದು ವಿವೇಕವೇ ಮಾಡಬೇಕಾಗಿದೆ. ಪುಟವನ್ನು ಕಟ್ಟಿಸುವ ಯಜಮಾನನೂ ಕಟ್ಟುವ ಶಿಲ್ಪಿಯೂ, ಕಾಣದ ಊರಿನ ಆ ಕಣ್ಣುಗಳನ್ನು ನೆನೆದು, ಒಂದು ಕೊಳ್ಳಿಯನ್ನು ಹಿಂದಕ್ಕೆ ಎಳೆದರೆ ಅಡಿಗೆಯು ಕೆಡುವುದಿಲ್ಲ. ಹಳ್ಳಿಯ ಆ ಹುಡುಗಿಯ ಅರ್ಜಿಯೂ ಹಳೆಯ ಫೋನಿನಲ್ಲಿಯೇ ಹೊತ್ತಿಗೆ ಸರಿಯಾಗಿ ತಲಪುತ್ತದೆ.