ಗಿರಿಯ ಮಳೆ, ಕಡೂರಿನ ಕೆರೆ

ಬಾಬಾಬುಡನ್ ಗಿರಿಸಾಲಿನ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಕೆಮ್ಮಣ್ಣುಗುಂಡಿಯ ಪಕ್ಕದ ಹೆಬ್ಬೆಯಲ್ಲಿ ಧುಮುಕುವ ನೀರು ಕಾಡಿನೊಳಗೇ ಇಳಿದು ಭದ್ರೆಯ ಪಾಲಾಗುತ್ತದೆ. ಪೂರ್ವದ ಮಗ್ಗುಲಲ್ಲಿ ಇಳಿಯುವ ವೇದಾ ಮತ್ತು ಅವತಿ ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ನಡೆಯುತ್ತವೆ. ಮುಂದೆ ಬಳ್ಳಾರಿ ಸೀಮೆಯಲ್ಲಿ ಹಗರಿ ಎನಿಸಿಕೊಂಡ ಆ ನದಿಯೂ ಕಡೆಗೆ ಸೇರುವುದು ತುಂಗಭದ್ರೆಯನ್ನೇ.

ಕಡೂರು ಮಳೆನೆರಳಿನ ನಾಡು. ಅಲ್ಲಿನ ತೆಂಗಿನ ತೋಟದವನು ಮೋಡಕ್ಕಿಂತ ಹೆಚ್ಚಾಗಿ ಗಿರಿಯನ್ನು ನಂಬಿದವನು. ನೆತ್ತಿಯ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಮುಂಗಾರನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಮರವಿಲ್ಲದ ಆ ಬೋಳುಗುಡ್ಡ ಪಾಳು ಜಾಗವಲ್ಲ, ಕೆರೆಗಳ ಸಾಲಿನಲ್ಲಿ ಎಲ್ಲಕ್ಕೂ ಮೇಲಿನ ಕೆರೆ ಅದು.

ಗಿರಿಯ ಮೇಲಿನ ತೀರ್ಮಾನ ಎಷ್ಟು ದೂರ ನಡೆಯುತ್ತದೆ ಎಂಬುದನ್ನು ಈ ಸೀಮೆ ಮೊದಲೇ ಕಂಡಿದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿಗೆ ಹೋಗುತ್ತಿತ್ತು. ಅದನ್ನು ಕರಗಿಸುವ ಕುಲುಮೆ ಉರಿಯುತ್ತಿದ್ದುದು ಇದ್ದಿಲಿನಿಂದ. ಗಣಿ ಅಗೆದದ್ದು ಗುಡ್ಡದ ತುದಿಯನ್ನು, ಕೊಡಲಿ ಬಿದ್ದದ್ದು ಸುತ್ತಲ ಕಾಡಿಗೆ.

ಈಗ ನಾವು ಗಿರಿ ಬೇರ್ಪಡಿಸಿದ ನೀರನ್ನು ಮತ್ತೆ ಕೂಡಿಸಹೊರಟಿದ್ದೇವೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಪಂಪ್ ಮಾಡಿ ಮೇಲೆತ್ತಿ, ಅಜ್ಜಂಪುರದ ಸುರಂಗದ ಮೂಲಕ ವೇದಾವತಿಯ ಸೀಮೆಗೆ ದಾಟಿಸಲಾಗುತ್ತಿದೆ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಚಿತ್ರದುರ್ಗದ ಜನ ಬಾಗಿನ ಹಿಡಿದು ನಿಂತದ್ದು ಸಹಜ. ಬರದ ನಾಡಿಗೆ ಆ ನೀರು ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸುರಂಗಕ್ಕೆ ಇಷ್ಟು ಹಣ ಸುರಿಯುವ ನಾವು, ಎರಡೂ ಕಡೆಗೆ ಪುಕ್ಕಟೆ ನೀರು ಹಂಚುವ ಗುಡ್ಡವನ್ನು ಯೋಜನೆಯ ಭಾಗವೆಂದೇ ಎಣಿಸುವುದಿಲ್ಲವಲ್ಲ ಎಂಬುದೇ ಸಂಕಟ.

ಕೆಮ್ಮಣ್ಣುಗುಂಡಿಯ ಉದ್ಯಾನ ತೋಟಗಾರಿಕೆ ಇಲಾಖೆಯದು, ಕಣಿವೆಯ ಹುಲಿ ಅರಣ್ಯ ಇಲಾಖೆಯದು, ಕೆರೆ ನೀರಾವರಿ ಇಲಾಖೆಯದು. ರಸ್ತೆ ಅಗಲಿಸಲು, ರೆಸಾರ್ಟ್ ಕಟ್ಟಲು ಜೆಸಿಬಿ ಇಳಿಜಾರನ್ನು ಕಡಿದರೆ, ಸಡಿಲವಾದ ಮಣ್ಣು ಮಳೆಗಾಲದಲ್ಲಿ ಹಳ್ಳ ಹಿಡಿದು ಕೆಳಗಿನ ಕೆರೆಯಲ್ಲಿ ತಂಗುತ್ತದೆ. ಮೇಲೆ ಅದು ಪ್ರವಾಸೋದ್ಯಮದ ಅಭಿವೃದ್ಧಿ ಎಂದು ದಾಖಲಾಗುತ್ತದೆ, ಕೆಳಗೆ ಹೂಳೆತ್ತುವ ಖರ್ಚು ಎಂದು. ಗಿರಿಯಲ್ಲಿ ಕಟ್ಟಡಕ್ಕೆ ಪರವಾನಗಿ ಕೊಡುವ ಮೊದಲು ಮದಗದಕೆರೆ, ಅಯ್ಯನಕೆರೆಗಳ ಅಚ್ಚುಕಟ್ಟಿನ ರೈತರನ್ನು ಕರೆದು ಕೇಳಬೇಕು. ಆ ಮಣ್ಣು ಬಂದು ಕೂರುವುದು ಅವರ ಕೆರೆಯಲ್ಲಿ.