ಕಳ್ಳನಿಗೊಂದು ಕಾರಣ

2003ರಲ್ಲಿ ‘ದಿ ಇಟಾಲಿಯನ್ ಜಾಬ್’ ಹೊಸ ರೂಪದಲ್ಲಿ ಬಂದಾಗ ಬ್ರಿಟನ್ನಿನ ಹಳೆಯ ಅಭಿಮಾನಿಗಳು ಸಿಡಿಮಿಡಿಗೊಂಡರು. ಮೂರು ಮಿನಿ ಕಾರು, ಒಂದಿಷ್ಟು ಚಿನ್ನ, ಚಾರ್ಲಿ ಕ್ರೋಕರ್ ಎಂಬ ಹೆಸರು, ಇಷ್ಟು ಬಿಟ್ಟರೆ ಇದಕ್ಕೂ 1969ರ ಚಿತ್ರಕ್ಕೂ ಏನು ನಂಟು ಎಂಬುದು ಅವರ ತಕರಾರು. ಇಟಲಿಯ ಹೆಸರಿಟ್ಟುಕೊಂಡ ಕತೆ ಬಹುಪಾಲು ಲಾಸ್ ಏಂಜಲೀಸಿನಲ್ಲೇ ನಡೆದರೆ ಸಿಟ್ಟು ಬಾರದೆ ಇರುತ್ತದೆಯೆ? ಇತ್ತ ಹೊಸದನ್ನೇ ಮೊದಲು ನೋಡಿ ಮೆಚ್ಚಿಕೊಂಡವರು ಕುತೂಹಲಕ್ಕೆಂದು ಹಳೆಯದನ್ನು ಹಾಕಿಕೊಂಡು ಅರ್ಧ ಗಂಟೆಗೇ ಆಕಳಿಸಿದರು. ಕಾರು ಓಡುವ ತನಕ ಏನೂ ನಡೆಯುವುದಿಲ್ಲ, ಹಾಸ್ಯ ಹಳಸಿದೆ, ಕೊನೆಯಂತೂ ಕೊನೆಯೇ ಅಲ್ಲ ಎಂದು ಅವರು ಗೊಣಗಿದರು.

ರಿಮೇಕು, ಸ್ವಮೇಕು ಎಂದು ದಶಕಗಟ್ಟಲೆ ಜಗಳವಾಡಿರುವ ನಮಗೆ ಈ ಎರಡೂ ದನಿ ಪರಿಚಿತವೇ. ಇಂಥ ಜಗಳ ಸಾಮಾನ್ಯವಾಗಿ ನಟರ ಹೋಲಿಕೆಗೆ ಬಂದು ನಿಲ್ಲುತ್ತದೆ. ಮೈಕೆಲ್ ಕೇನ್ ಎಲ್ಲಿ, ಮಾರ್ಕ್ ವಾಲ್‌ಬರ್ಗ್ ಎಲ್ಲಿ! ಕೇನ್ ಗೆಲ್ಲುತ್ತಾನೆ, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ನನ್ನನ್ನು ಕಾಡುವುದು ಬೇರೆ. ಕದ್ದ ಚಿನ್ನ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ, ಅದನ್ನು ಇಟ್ಟುಕೊಳ್ಳಲು ಅವನಿಗೆ ಏನು ಹಕ್ಕಿದೆ ಎಂಬ ಲೆಕ್ಕವನ್ನು ಈ ಎರಡು ಚಿತ್ರಗಳು ಬರೆದಿರುವ ರೀತಿಯೇ ಬೇರೆ ಬೇರೆ. ನೋಡುಗರ ಮೆಚ್ಚುಗೆ, ಅಸಮಾಧಾನಗಳ ಬೇರು ಅಲ್ಲಿದೆ ಅನಿಸುತ್ತದೆ.

ಪೀಟರ್ ಕಾಲಿನ್ಸನ್ ನಿರ್ದೇಶಿಸಿದ ಹಳೆಯ ಚಿತ್ರದಲ್ಲಿ ಚಾರ್ಲಿ ಕ್ರೋಕರ್ ಜೈಲಿನಿಂದ ಹೊರಬಂದವನೇ ಮುಂದಿನ ಕಳವಿಗೆ ತಯಾರಾಗುತ್ತಾನೆ. ಯಾಕೆ? ಯಾಕೆಂದರೆ ಅವನು ಕಳ್ಳ. ಅವನ ತಾಯಿಗೆ ಕಾಯಿಲೆಯಿಲ್ಲ, ತಂಗಿಗೆ ಮದುವೆ ಬಾಕಿಯಿಲ್ಲ, ಯಾರ ಮೇಲೂ ಹಗೆಯಿಲ್ಲ. ಉಪಾಯ ಹೊಳೆಯಿಸಿದ ಗೆಳೆಯನನ್ನು ಆಲ್ಪ್ಸ್‌ನ ಸುರಂಗದಲ್ಲಿ ಮಾಫಿಯಾ ಕೊಂದಿದೆ, ನಿಜ. ಆದರೆ ಕ್ರೋಕರ್‌ಗೆ ಸೇಡು ತೀರಿಸುವ ಉಮೇದೇನೂ ಇಲ್ಲ, ಗೆಳೆಯ ಬಿಟ್ಟುಹೋದ ನಕ್ಷೆಯ ಮೇಲಷ್ಟೇ ಕಣ್ಣು. ಫಿಯೆಟ್ ಕಂಪನಿಗೆಂದು ಚೀನಾ ಕಳಿಸಿದ ನಲವತ್ತು ಲಕ್ಷ ಡಾಲರ್ ಬೆಲೆಯ ಚಿನ್ನ ಟ್ಯೂರಿನ್ ನಗರಕ್ಕೆ ಬರುತ್ತಿದೆ. ಊರಿನ ಟ್ರಾಫಿಕ್ ನಿಯಂತ್ರಿಸುವ ಕಂಪ್ಯೂಟರ್ ಕೆಡಿಸಿ, ಇಡೀ ನಗರವನ್ನು ಜಾಮ್ ಮಾಡಿ, ಆ ಗದ್ದಲದಲ್ಲಿ ಸಣ್ಣ ಕಾರುಗಳಲ್ಲಿ ಚಿನ್ನ ಸಾಗಿಸುವುದು ಯೋಜನೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಂಡವರಿಗೆ, ಇದಕ್ಕೆ ಕಂಪ್ಯೂಟರ್ ಯಾಕೆ ಕೆಡಿಸಬೇಕಿತ್ತು ಅನಿಸಬಹುದು. ದುಡ್ಡು ಹಾಕುವವನು ಜೈಲಿನೊಳಗೇ ರಾಜನಂತೆ ಬದುಕುವ, ಗೋಡೆಗೆಲ್ಲ ರಾಣಿಯ ಚಿತ್ರ ಅಂಟಿಸಿಕೊಂಡ ಬ್ರಿಡ್ಜರ್. ಆ ಪಾತ್ರ ಮಾಡಿದ್ದು ನೋಯೆಲ್ ಕವರ್ಡ್. ಅದೇ ಅವನ ಕೊನೆಯ ಚಿತ್ರ.

ಕಾರುಗಳು ಕೆಂಪು, ಬಿಳಿ, ನೀಲಿ, ಅಂದರೆ ಬ್ರಿಟನ್ನಿನ ಬಾವುಟದ ಬಣ್ಣ. ಫಿಯೆಟ್‌ನವರು ತಮ್ಮ ಕಾರುಗಳನ್ನೇ ಬಳಸಿಕೊಳ್ಳಿ ಎಂದು ಮುಂದೆ ಬಂದರೂ ನಿರ್ಮಾಪಕ ಮೈಕೆಲ್ ಡೀಲಿ ಒಪ್ಪಲಿಲ್ಲವಂತೆ. ಒಪ್ಪಿದ್ದರೆ ಚಿತ್ರವೇ ಉಳಿಯುತ್ತಿರಲಿಲ್ಲ. 1967ರ ನವೆಂಬರಿನಲ್ಲಿ ಪೌಂಡಿನ ಬೆಲೆ ಇಳಿಸಬೇಕಾಗಿ ಬಂದಿತ್ತು. ಅದೇ ತಿಂಗಳು ಫ್ರಾನ್ಸಿನ ಡಿಗಾಲ್ ಬ್ರಿಟನ್ನಿಗೆ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ಬಾಗಿಲನ್ನು ಎರಡನೆಯ ಸಲ ಮುಚ್ಚಿದ್ದ. ಒಳಗೆ ಬಿಟ್ಟುಕೊಳ್ಳದ ಯುರೋಪಿನೊಳಕ್ಕೆ ಫುಟ್‌ಬಾಲ್ ಅಭಿಮಾನಿಗಳ ವೇಷದಲ್ಲಿ ನುಗ್ಗಿ, ಅವರ ಕಾರಿನ ರಾಜಧಾನಿಯಲ್ಲೇ ತಮ್ಮ ಪುಟ್ಟ ಕಾರು ಓಡಿಸಿ, ಫಿಯೆಟ್ ಕಾರ್ಖಾನೆಯ ಮಾಳಿಗೆಯ ಮೇಲಿನ ಟ್ರ್ಯಾಕಿನಲ್ಲೂ ಒಂದು ಸುತ್ತು ಹೊಡೆದು ಬಂದರೆ ಬ್ರಿಟಿಷ್ ನೋಡುಗನಿಗೆ ಆಗುವ ಖುಷಿ ಬರೀ ಕಳವಿನದಲ್ಲ. ರಜೆ ಬಂದಾಗಲೆಲ್ಲ ಟಿವಿಯಲ್ಲಿ ಈ ಚಿತ್ರವನ್ನು ಕಂಡು ಬೆಳೆದವರಿಗೆ ಹೊಸದರಲ್ಲಿ ಏನೋ ಕಳೆದಂತೆ ಅನಿಸಿದ್ದು ಸಹಜ. ಅಮೆರಿಕದಲ್ಲಿ ಮೂಲ ಚಿತ್ರ ಓಡಿರಲೇ ಇಲ್ಲ. ಅಲ್ಲಿನವರಿಗೆ ಹೋಲಿಸಿ ನೋಡಲು ಹಳೆಯದೆಂಬುದೇ ಇರಲಿಲ್ಲ.

ಇನ್ನು ಆ ಕೊನೆಯ ದೃಶ್ಯ. ಕಳವು ಮುಗಿದಿದೆ. ಮಿನಿಗಳನ್ನು ಒಂದೊಂದಾಗಿ ಕಣಿವೆಗೆ ತಳ್ಳಿ, ಚಿನ್ನವನ್ನು ದೊಡ್ಡ ಬಸ್ಸಿಗೆ ತುಂಬಿ, ಎಲ್ಲರೂ ಕುಡಿದು ಕುಣಿಯುತ್ತ ಆಲ್ಪ್ಸ್ ಹತ್ತುತ್ತಿದ್ದಾರೆ. ತಿರುವಿನಲ್ಲಿ ಬಸ್ಸು ಜಾರಿ ಅದರ ಹಿಂಭಾಗ ಪ್ರಪಾತದ ಮೇಲೆ ಚಾಚಿಕೊಂಡು ನಿಲ್ಲುತ್ತದೆ. ಮುಂದಿನ ತುದಿಯಲ್ಲಿ ಉಸಿರು ಬಿಗಿಹಿಡಿದ ಮನುಷ್ಯರು, ಹಿಂದಿನ ತುದಿಯಲ್ಲಿ ಚಿನ್ನ. ಕ್ರೋಕರ್ ಬೋರಲಾಗಿ ಮಲಗಿ, ಇಂಚಿಂಚೇ ತೆವಳಿ ಕೈ ಚಾಚುತ್ತಾನೆ. ಚಿನ್ನದ ಗಟ್ಟಿಗಳು ಒಂದಿಷ್ಟು ಹಿಂದಕ್ಕೆ ಸರಿಯುತ್ತವೆ. ಮತ್ತೆ ಚಾಚುತ್ತಾನೆ, ಮತ್ತೆ ಸರಿಯುತ್ತವೆ. ಆಗ ಅವನು ತಲೆ ತಿರುಗಿಸಿ, ತನಗೊಂದು ಉಪಾಯ ಹೊಳೆದಿದೆ ಎನ್ನುತ್ತಾನೆ. ಉಪಾಯ ಏನೆಂದು ಹೇಳದೆ ಚಿತ್ರ ಮುಗಿಯುತ್ತದೆ.

ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2008ರಲ್ಲಿ, ಆ ಬಸ್ಸಿನಿಂದ ಚಿನ್ನ ತೆಗೆಯುವುದು ಹೇಗೆ ಎಂದು ಸ್ಪರ್ಧೆಯನ್ನೇ ಇಟ್ಟಿತು. ಹೆಲಿಕಾಪ್ಟರ್ ಬಳಸುವಂತಿಲ್ಲ. ಗೆದ್ದವರು ಕಿಟಕಿ ಒಡೆದು, ಟಯರಿನ ಗಾಳಿ ಬಿಟ್ಟು, ಇಂಧನ ಹೊರಹಾಕಿ ತೂಕ ಸರಿದೂಗಿಸುವ ದಾರಿಯನ್ನು ಲೆಕ್ಕ ಸಮೇತ ತೋರಿಸಿದರು. ಎಂಜಿನ್ ಓಡಿಸಿ ಇಂಧನ ಖಾಲಿ ಮಾಡುವುದು, ಬಸ್ಸು ಹಗುರಾದಾಗ ಜನ ಹೊರಗೆ ಹಾರುವುದು, ಚಿನ್ನ ಕೆಳಗೆ ಬಿದ್ದು ಮಾಫಿಯಾ ಪಾಲಾಗುವುದು ಎಂದು ಮುಂದಿನ ಭಾಗಕ್ಕೆ ಯೋಚಿಸಿದ್ದೆವು ಎಂದು ಮೈಕೆಲ್ ಕೇನ್ ಕೂಡ ಹೇಳಿದ. ಆ ಭಾಗ ಬರಲೇ ಇಲ್ಲ, ಒಳ್ಳೆಯದೇ ಆಯಿತು.

ಹಳೆಯ ದರೋಡೆ ಚಿತ್ರಗಳಲ್ಲಿ ಹಣ ಕಳ್ಳರ ಕೈಗೆ ದಕ್ಕುವುದಿಲ್ಲ ಎಂಬುದು ಹೆಚ್ಚುಕಡಿಮೆ ನಿಯಮವೇ ಆಗಿತ್ತು. ಹಾಲಿವುಡ್ಡಿನ ನಿರ್ಮಾಣ ಸಂಹಿತೆ 1934ರಿಂದ 1968ರವರೆಗೆ ಅದನ್ನು ಬರಹದಲ್ಲೇ ಕಾಯಿತು. ಅಪರಾಧ ಲಾಭ ತರುವಂತೆ ತೋರಬಾರದು. ಕುಬ್ರಿಕ್‌ನ ‘ದಿ ಕಿಲ್ಲಿಂಗ್’ನಲ್ಲಿ (1956) ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಒಡೆದು ನೋಟುಗಳೆಲ್ಲ ಗಾಳಿಗೆ ಹಾರುತ್ತವೆ. 1960ರ ‘ಓಷನ್ಸ್ ಇಲೆವೆನ್’ನಲ್ಲಿ ಫ್ರಾಂಕ್ ಸಿನಾಟ್ರಾನ ತಂಡ ಒಂದೇ ರಾತ್ರಿ ಲಾಸ್ ವೇಗಸ್‌ನ ಐದು ಜೂಜುಕಟ್ಟೆ ದೋಚಿ, ಹಣವನ್ನು ಸತ್ತ ಸಂಗಡಿಗನ ಶವಪೆಟ್ಟಿಗೆಯಲ್ಲಿ ಬಚ್ಚಿಡುತ್ತದೆ. ಅವನ ಹೆಂಡತಿ ಶವವನ್ನು ಹೂಳುವ ಬದಲು ಸುಡಲು ಒಪ್ಪುತ್ತಾಳೆ. ಪ್ರಾರ್ಥನೆ ನಡೆಯುತ್ತಿರುವಾಗ ಬೆಂಕಿಯ ಸದ್ದು ಕೇಳಿ ಕುಳಿತ ಸಾಲಿನಲ್ಲೇ ಕಳ್ಳರ ಮುಖ ಒಂದೊಂದಾಗಿ ಬಾಡುತ್ತವೆ. ಇಡೀ ಚಿತ್ರ ಸಡಿಲವಾಗಿದ್ದರೂ ಆ ಒಂದು ನಿಮಿಷಕ್ಕೆ ನಾನು ಎಲ್ಲವನ್ನೂ ಕ್ಷಮಿಸುತ್ತೇನೆ.

ಅದೇ ಚಿತ್ರವನ್ನು 2001ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಮತ್ತೆ ಮಾಡಿದಾಗ ಹಣ ಸುಡಲಿಲ್ಲ. ಜಾರ್ಜ್ ಕ್ಲೂನಿಯ ತಂಡ ಗೆದ್ದು, ಬೆಲಾಜಿಯೊ ಹೋಟೆಲಿನ ಕಾರಂಜಿಯ ಮುಂದೆ ನಿಂತು ಮನೆಗೆ ಹೋಯಿತು. ಆದರೆ ಅಲ್ಲೊಂದು ಹೊಸ ಏರ್ಪಾಡು ಇತ್ತು. ದೋಚಿಸಿಕೊಂಡ ಜೂಜುಕಟ್ಟೆಗಳ ಒಡೆಯ ಕಟುಕ. ತಂಡಕ್ಕೆ ಹಣ ಹಾಕಿದವನ ಕಟ್ಟಡವನ್ನು ಅವನೇ ಕಿತ್ತುಕೊಂಡು ಕೆಡವಿದ್ದಾನೆ, ನಾಯಕನ ಮಾಜಿ ಹೆಂಡತಿಯೂ ಈಗ ಅವನ ಜೊತೆಗಿದ್ದಾಳೆ. ಕಳ್ಳನಿಗೆ ಈಗ ಹಣ ದಕ್ಕುತ್ತದೆ, ಬದಲಿಗೆ ಅವನೊಂದು ಕಾರಣ ಸಲ್ಲಿಸಬೇಕು. ಸಂಹಿತೆ ಕಡತದಿಂದ ಎದ್ದುಹೋಗಿ ಚಿತ್ರಕತೆಯೊಳಗೇ ಮನೆ ಮಾಡಿಕೊಂಡಿತು ಅನ್ನಬೇಕು.

ಎಫ್. ಗ್ಯಾರಿ ಗ್ರೇಯ ಹೊಸ ‘ಇಟಾಲಿಯನ್ ಜಾಬ್’ ಈ ಏರ್ಪಾಡನ್ನು ಇನ್ನೂ ಗಟ್ಟಿ ಮಾಡಿತು. ವೆನಿಸ್‌ನಲ್ಲಿ ಮೂರೂವರೆ ಕೋಟಿ ಡಾಲರ್ ಚಿನ್ನ ಕದ್ದಾಗಿದೆ. ತಂಡದವನೇ ಆದ ಸ್ಟೀವ್ ದ್ರೋಹ ಬಗೆದು, ಗುರುವಿನಂತಿದ್ದ ಜಾನ್ ಬ್ರಿಡ್ಜರ್‌ನನ್ನು ಗುಂಡಿಕ್ಕಿ ಚಿನ್ನ ಹೊತ್ತೊಯ್ಯುತ್ತಾನೆ. ಮುಂದಿನದೆಲ್ಲ ಅದನ್ನು ಅವನಿಂದ ಮರಳಿ ಕಸಿಯುವ ಕತೆ. ಗಮನಿಸಿ, ಚಿನ್ನದ ಮೂಲ ವಾರಸುದಾರರ ಗೋಜಿಗೇ ಚಿತ್ರ ಹೋಗುವುದಿಲ್ಲ. ಸ್ಟೀವ್ ಕದ್ದದ್ದು ತಪ್ಪು, ಏಕೆಂದರೆ ಅವನು ಕದ್ದದ್ದು ನಮ್ಮವರಿಂದ. ನೋಡುಗ ನೆಮ್ಮದಿಯಾಗಿ ಕಳ್ಳರ ಪರ ನಿಲ್ಲುತ್ತಾನೆ, ಮನಸ್ಸಿನಲ್ಲಿ ಕಸಿವಿಸಿಯಿಲ್ಲ.

ಇದರಲ್ಲಿ ಒಳ್ಳೆಯದೂ ಆಗಿದೆ. ಹಳೆಯ ಚಿತ್ರದಲ್ಲಿ ಹೆಂಗಸರೆಂದರೆ ಅಲಂಕಾರ, ಇಲ್ಲವೇ ಬೆನ್ನಿ ಹಿಲ್‌ನ ಪ್ರೊಫೆಸರ್ ಪಾತ್ರದ ಅಗ್ಗದ ಹಾಸ್ಯಕ್ಕೆ ಗುರಿ. ಅದನ್ನು ಇಂದು ನೋಡುವಾಗ ಮುಜುಗರವಾಗುತ್ತದೆ, ಆಗಲೇಬೇಕು. ಹೊಸದರಲ್ಲಿ ಷಾರ್ಲೀಝ್ ಥೆರಾನ್‌ಳ ಸ್ಟೆಲ್ಲಾ ಕಸುಬು ಬಲ್ಲ ಹೆಣ್ಣು. ತಿಜೋರಿ ತೆರೆಯುವುದು ಅವಳ ಕೆಲಸ, ತಂದೆಯಿಂದ ಬಂದ ವಿದ್ಯೆ. ಯಂತ್ರವನ್ನೇ ನಂಬಿ ದುಡಿಯುತ್ತಿದ್ದವಳು ನಿರ್ಣಾಯಕ ಗಳಿಗೆಯಲ್ಲಿ ತಂದೆಯ ಹಾಗೆ ಬೆರಳನ್ನೇ ನಂಬುತ್ತಾಳೆ. ಮಿನಿಗಳ ಓಟದಲ್ಲೂ ಶ್ರದ್ಧೆಯಿದೆ. ಮೆಟ್ರೊ ಸುರಂಗದಲ್ಲಿ ಪೆಟ್ರೋಲ್ ಎಂಜಿನ್ ಓಡಿಸಲು ಅನುಮತಿ ಇಲ್ಲದ್ದರಿಂದ ಕಾರುಗಳಿಗೆ ವಿದ್ಯುತ್ ಮೋಟಾರ್ ಕೂರಿಸಿ ಚಿತ್ರೀಕರಿಸಿದರು. ‘ಆತ್ಮವೇ ಇಲ್ಲ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಈ ದುಡಿಮೆಯನ್ನು ನೋಡಿಯೇ ಇಲ್ಲ.

ಹೊಸ ಚಿತ್ರದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು, ಬಹುಶಃ ಅದನ್ನು ಮಾಡಿದವರೂ ಪೂರ್ತಿ ಗಮನಿಸದ ಒಂದು ವ್ಯಂಗ್ಯ. ಮೊದಲ ಕಳವಿನ ನಂತರ ಎಲ್ಲರೂ ತಮ್ಮ ಪಾಲಿನ ಹಣದಲ್ಲಿ ಏನು ಕೊಳ್ಳುತ್ತೇವೆಂದು ಹೇಳಿಕೊಳ್ಳುತ್ತಾರೆ. ಒಬ್ಬನಿಗೆ ಆಸ್ಟನ್ ಮಾರ್ಟಿನ್ ಕಾರು ಬೇಕು, ಇನ್ನೊಬ್ಬನಿಗೆ ಗೋಡೆ ನಡುಗಿಸುವ ಸ್ಪೀಕರ್, ಮತ್ತೊಬ್ಬನಿಗೆ ಬೂಟುಗಳಿಗೇ ಒಂದು ಕೋಣೆ ಇರುವ ಸ್ಪೇನಿನ ಮನೆ. ಸ್ಟೀವ್‌ಗೆ ಏನೂ ತೋಚುವುದಿಲ್ಲ. ಒಂದು ವರ್ಷ ಕಳೆದು ಅವನ ಬಂಗಲೆ ನೋಡಿದರೆ ಉಳಿದವರು ಬಯಸಿದ್ದನ್ನೆಲ್ಲ ಅವನು ಕೊಂಡಿಟ್ಟಿದ್ದಾನೆ. ನಿನಗೆ ಕಲ್ಪನೆಯೇ ಇಲ್ಲ ಎಂದು ಕ್ರೋಕರ್ ಅವನನ್ನು ಹಂಗಿಸುತ್ತಾನೆ. ಕೊಲೆಗಿಂತ ದೊಡ್ಡ ಬೈಗುಳದಂತೆ ಕೇಳಿಸುತ್ತದೆ ಅದು. ಇನ್ನೊಬ್ಬರ ಕನಸನ್ನು ಎತ್ತಿಕೊಂಡು ತನ್ನ ಮನೆ ತುಂಬಿಸಿಕೊಂಡವನನ್ನು ರಿಮೇಕ್ ಚಿತ್ರವೊಂದು ಖಳನನ್ನಾಗಿ ನಿಲ್ಲಿಸುತ್ತದೆಂದರೆ! ಎಡ್ವರ್ಡ್ ನಾರ್ಟನ್ ಆ ಪಾತ್ರ ಮಾಡಿದ್ದೂ ಸ್ಟುಡಿಯೊ ಜೊತೆಗಿನ ಹಳೆಯ ಕರಾರಿನ ಒತ್ತಾಯಕ್ಕೆ ಎಂಬ ಮಾತು ಆಗಲೇ ಹಬ್ಬಿತ್ತು. ಅವನ ಮುಖದ ಬೇಸರ ಪಾತ್ರಕ್ಕೆ ಚೆನ್ನಾಗಿ ಒಗ್ಗಿದೆ.

2012ರಲ್ಲಿ ಅಬ್ಬಾಸ್–ಮಸ್ತಾನ್ ಜೋಡಿ ಹಕ್ಕು ಪಡೆದು ಇದನ್ನೇ ಹಿಂದಿಯಲ್ಲಿ ‘ಪ್ಲೇಯರ್ಸ್’ ಎಂದು ಮಾಡಿತು. ಅಭಿಷೇಕ್ ಬಚ್ಚನ್, ಬಾಬಿ ಡಿಯೋಲ್, ಸೋನಮ್ ಕಪೂರ್ ಇದ್ದರು. ಚಿನ್ನ ರಷ್ಯಾದ ರೈಲಿನಲ್ಲಿತ್ತು, ಮಿನಿಗಳೂ ಇದ್ದವು. ಚಿತ್ರ ಓಡಲಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಅದರಲ್ಲಿ ಕಾರಣ ಬೆಳೆದ ಪರಿ. ವಿನೋದ್ ಖನ್ನಾ ಮಾಡಿದ ಗುರುವಿನ ಪಾತ್ರಕ್ಕೆ ಚಿನ್ನ ಬೇಕಾಗಿದ್ದು ಅನಾಥ ಮಕ್ಕಳಿಗೆ ಶಾಲೆ ಕಟ್ಟಿಸಲು. 1969ರ ಕಳ್ಳನಿಗೆ ಕಾರಣವೇ ಬೇಡ, 2003ರವನಿಗೆ ಸೇಡು ಸಾಕು, ನಮ್ಮವನಿಗೆ ಶಾಲೆಯೂ ಬೇಕು. ಸಿರಿವಂತರನ್ನು ದೋಚಿ ಬಡವರಿಗೆ ಹಂಚುವ ನಾಯಕನನ್ನು ತಲೆಮಾರುಗಳಿಂದ ಕಂಡ ನಾವು ಬರಿಗೈಯ ಕಳ್ಳನನ್ನು ಒಪ್ಪಲಾರೆವು ಎಂದು ಬರೆದವರು ಊಹಿಸಿರಬೇಕು.

ಊಹೆ ಪೂರ್ತಿ ಸರಿಯೆ? ನಮ್ಮ ಬಳಿ ಬೇರೆ ಸಾಕ್ಷಿಯೂ ಇದೆ. ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ ರಾತ್ರಿ ಚಾರುದತ್ತನ ಮನೆಗೆ ಕನ್ನ ಹಾಕುವಾಗ, ಕಿಂಡಿ ಯಾವ ಆಕಾರದಲ್ಲಿದ್ದರೆ ಚೆಂದ ಎಂದು ಯೋಚಿಸುತ್ತ ನಿಲ್ಲುತ್ತಾನೆ. ತಾವರೆ, ಸೂರ್ಯ, ಎಳೆಚಂದ್ರ? ಸುಟ್ಟ ಇಟ್ಟಿಗೆಗೆ ಪೂರ್ಣಕುಂಭವೇ ಒಪ್ಪುತ್ತದೆ ಎಂದು ತೀರ್ಮಾನಿಸುತ್ತಾನೆ. ಅಳೆಯುವ ದಾರ ಮರೆತು ಬಂದಿದ್ದಾನೆ, ಜನಿವಾರವನ್ನೇ ಹಿಡಿದು ಅಳೆಯುತ್ತಾನೆ. ಬೆಳಗಾದ ಮೇಲೆ ನೆರೆಹೊರೆಯವರು ನೋಡಿ ಮೆಚ್ಚಬೇಕೆಂಬ ಆಸೆ ಬೇರೆ. ಗಿರೀಶ ಕಾರ್ನಾಡರು ಈ ನಾಟಕದ ಎಳೆ ಹಿಡಿದು 1984ರಲ್ಲಿ ‘ಉತ್ಸವ್’ ಮಾಡಿದಾಗ ಕಳ್ಳನ ಪಾತ್ರ ಶಂಕರ್‌ನಾಗ್ ಪಾಲಿಗೆ ಬಂತು.

ಶರ್ವಿಲಕನಿಗೂ ಕಾರಣವಿದೆ. ವಸಂತಸೇನೆಯ ಮನೆಯ ದಾಸಿ ಮದನಿಕೆಯನ್ನು ಹಣ ತೆತ್ತು ಬಿಡಿಸಿಕೊಳ್ಳಬೇಕು. ಅಲ್ಲಿ ನಡೆಯುವುದು ನೋಡಿ. ಬೆಳಿಗ್ಗೆ ಎದ್ದ ಚಾರುದತ್ತ ತನ್ನದೇ ಗೋಡೆಯ ಕನ್ನ ಕಂಡು ಕೆಲಸದ ಅಂದಕ್ಕೆ ತಲೆದೂಗುತ್ತಾನೆ. ಬಡವನ ಮನೆಗೆ ಬಂದ ಕಳ್ಳ ಬರಿಗೈಯಲ್ಲಿ ಹೋಗಲಿಲ್ಲವಲ್ಲ ಎಂದು ಸಮಾಧಾನವೂ ಪಡುತ್ತಾನೆ. ಕಾರಣ ಅವನಿಗೆ ಗೊತ್ತೇ ಇಲ್ಲ. ಯಾರಿಗಾಗಿ ಕಳವು ನಡೆಯಿತೋ ಆ ಮದನಿಕೆ ಒಡವೆಯ ಗುರುತು ಹಿಡಿದು, ನನಗಾಗಿ ಎಂಬ ಅವನ ಮಾತಿಗೆ ಕರಗದೆ, ಮೊದಲು ಇದನ್ನು ಹಿಂದಿರುಗಿಸು ಎನ್ನುತ್ತಾಳೆ. ಶರ್ವಿಲಕ ಚಾರುದತ್ತ ಕಳಿಸಿದ ದೂತನಂತೆ ನಟಿಸಿ ಒಡವೆಯನ್ನು ವಸಂತಸೇನೆಗೆ ಒಪ್ಪಿಸಬೇಕಾಗುತ್ತದೆ. ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ವಸಂತಸೇನೆ ನಗು ತಡೆದುಕೊಂಡು ಒಡವೆ ತೆಗೆದುಕೊಳ್ಳುತ್ತಾಳೆ, ಮದನಿಕೆಯನ್ನು ಹಣ ಕೇಳದೆಯೇ ಅವನ ಜೊತೆ ಕಳಿಸಿಕೊಡುತ್ತಾಳೆ.