ಗಳಿಸದ ನಂಬಿಕೆ

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕಿಂಗ್‌ಡನ್ ಕ್ಲಿಫರ್ಡ್ 1877ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಒಬ್ಬ ಹಡಗಿನ ಯಜಮಾನ ಬರುತ್ತಾನೆ. ಹಡಗು ಹಳತು, ಹಲವು ಸಲ ರಿಪೇರಿ ಕಂಡದ್ದು. ಅನುಮಾನ ಅವನಿಗೂ ಇತ್ತು. ಇಷ್ಟು ಸಲ ಹೋಗಿ ಬಂದದ್ದು ಈ ಸಲ ಬಾರದೇ ಇದ್ದೀತೇ ಎಂದುಕೊಂಡು, ದೇವರ ಮೇಲೆ ಭಾರ ಹಾಕಿ, ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳಿಸಿದ. ಹಡಗು ಮುಳುಗಿತು. ಅದು ಕ್ಷೇಮವಾಗಿ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ, ಆ ನಂಬಿಕೆಗೆ ಅವನಿಗೆ ಹಕ್ಕೇ ಇರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಳೆಯ ಕಾರಿನ ಬ್ರೇಕನ್ನು ನಂಬಿ ಹೊರಡುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ: ಈ ನಂಬಿಕೆಯನ್ನು ಗಳಿಸಿದ್ದೇವೆಯೇ?

ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂದು ಡಬ್ಬಿಯಲ್ಲಿ ಬರುವ ಆ ದ್ರವ ಗ್ಲೈಕಾಲ್ ಜಾತಿಯದು. ತೇವ ಹೀರುವುದು ಅದರ ಹುಟ್ಟುಗುಣ. ರಬ್ಬರ್ ಹೋಸಿನ ಮೂಲಕವೂ ನೀರು ಒಳಸೇರುತ್ತದೆ, ಕಾರು ಓಡದೆ ಶೆಡ್ಡಿನಲ್ಲಿ ನಿಂತಿದ್ದರೂ ಸೇರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ತುಳಿಯುತ್ತಲೇ ಇಳಿಯುವ ತುಂಬಿದ ಕಾರಿನಲ್ಲಿ ಚಕ್ರದ ಬಳಿಯ ಕಾವು ಅಷ್ಟಕ್ಕೆ ಏರಿದರೆ ದ್ರವ ಕುದಿದು ಆವಿಯಾಗುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ತಳ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಹಿಂದಿನ ದಿನ ಊರೊಳಗೆ ಅದೇ ಪೆಡಲ್ ಗಟ್ಟಿಯಾಗಿಯೇ ಇತ್ತು. ‘ನಿನ್ನೆ ಹಿಡಿಯಿತಲ್ಲ’ ಎಂಬ ಸಾಕ್ಷಿ ಒಳಗಿನ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಡಗಿನ ಯಜಮಾನ ಹಿಂದಿನ ಪಯಣಗಳನ್ನು ಎಣಿಸಿ ಹಾಕಿದ್ದೂ ಇಂಥ ಲೆಕ್ಕವನ್ನೇ.

ಎಲ್ಲ ಹಣೆಬರಹ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದವನಿಗೂ ಅಪಘಾತವಾಗುತ್ತದೆ ಎನ್ನುವವರಿದ್ದಾರೆ. ಆಗುತ್ತದೆ, ನಿಜ. ಆದರೆ ವಿಧಿಯನ್ನು ಅಷ್ಟು ಆಳವಾಗಿ ಚರ್ಚಿಸಿದ ಯೋಗವಾಸಿಷ್ಠವೇ ಪೌರುಷದ, ಅಂದರೆ ಮನುಷ್ಯಪ್ರಯತ್ನದ, ಪರ ನಿಲ್ಲುತ್ತದೆ. ದೈವವೆಂದರೆ ಹಿಂದೆ ನಾವೇ ಮಾಡಿದ್ದರ ಫಲ ಎಂಬುದು ಅದರ ನಿಲುವು. ಆ ಲೆಕ್ಕದಲ್ಲಿ, ವರ್ಷಗಟ್ಟಲೆ ಬದಲಿಸದೆ ಬಿಟ್ಟ ಆಯಿಲೇ ಘಟ್ಟದಲ್ಲಿ ವಿಧಿಯಾಗಿ ಎದುರು ನಿಲ್ಲುತ್ತದೆ. ಆಯುಧಪೂಜೆಯಂದು ಚಕ್ರಕ್ಕೆ ನಿಂಬೆಹಣ್ಣಿಟ್ಟು ಬೂದುಗುಂಬಳ ಒಡೆಯುವ ಭಕ್ತಿಯನ್ನು ನಾನು ಹಗುರವಾಗಿ ಕಾಣಲಾರೆ. ಬದುಕಿಗೆ ಆಸರೆಯಾದ ಉಪಕರಣಕ್ಕೆ ಕೈಮುಗಿಯುವುದು ದೊಡ್ಡ ಗುಣ. ಆದರೆ ಪೂಜೆಗೆ ಮೊದಲು ತೊಳೆಯುವುದೂ ಆ ಆಚರಣೆಯ ಅಂಗವೇ, ಮತ್ತು ಬ್ರೇಕಿನ ಕೊಳೆ ಇರುವುದು ಪೈಪಿನೊಳಗೆ.

ಇದಕ್ಕಿಂತ ತೂಕದ ಆಕ್ಷೇಪ ಗ್ಯಾರೇಜಿನಿಂದಲೇ ಬರುತ್ತದೆ: ಹಳೇ ಗಾಡಿ, ಸರಿಯಿದ್ದದ್ದನ್ನು ಮುಟ್ಟಿ ಕೆಡಿಸಬೇಡಿ. ಇದರಲ್ಲಿ ಅನುಭವದ ಸತ್ಯವಿದೆ. ಬ್ಲೀಡಿಂಗ್ ಮಾಡುವಾಗ, ಅಂದರೆ ಹಳೆಯ ಆಯಿಲನ್ನು ಪೈಪಿನಿಂದ ಹೊರಹಾಕುವಾಗ, ಪೆಡಲನ್ನು ತಳದವರೆಗೆ ತುಳಿದರೆ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಎಂದೂ ಓಡಾಡದ, ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ಹರಿಯಬಹುದು. ಆದರೆ ಆ ತುಕ್ಕನ್ನು ತಂದದ್ದು ಬ್ಲೀಡಿಂಗ್ ಅಲ್ಲ, ಒಳಗೆ ಬಿಟ್ಟ ನೀರು. ಎದುರಿಗೆ ಮಗುವೊಂದು ಅಡ್ಡ ಬಂದ ದಿನವೂ ಕಾಲು ಪೆಡಲನ್ನು ಎಂದಿಗಿಂತ ಆಳಕ್ಕೆ ತುಳಿಯಬಹುದು; ಕಪ್ ಅಂದು ಹರಿಯುವುದಕ್ಕಿಂತ ಗ್ಯಾರೇಜಿನಲ್ಲೇ ಹರಿಯಲಿ. ಪೆಡಲಿನ ಕೆಳಗೆ ಮರದ ತುಂಡಿಟ್ಟು ತುಳಿದರೆ ಆ ಅಪಾಯವೂ ಕಡಿಮೆ. ಇನ್ನೊಂದು ಆಕ್ಷೇಪ ಖರ್ಚಿನದು. ಆ ಮಾತು ಬಾಡಿಗೆ ಕಾರು ಓಡಿಸುವವನ ಬಾಯಲ್ಲಿ ಬಂದರೆ ಕೇಳಿಸಿಕೊಳ್ಳಬೇಕಾದದ್ದೇ. ಆಗ ಹೊಣೆ ಅವನೊಬ್ಬನದಲ್ಲ, ಗಾಡಿಯ ಮಾಲೀಕನದೂ ಹೌದು. ಹಾಗಾದರೆ ಕಾರಿನ ಪ್ರತಿ ಬೋಲ್ಟನ್ನೂ ಅನುಮಾನಿಸುತ್ತ ಕೂರಬೇಕೇ? ಬೇಡ. ಕೆಡುವುದು ಖಚಿತ, ಕೆಟ್ಟದ್ದು ಕಾಣುವುದಿಲ್ಲ, ಕೆಟ್ಟರೆ ಪೆಟ್ಟು ಬೀಳುವುದು ಪರರಿಗೂ: ಈ ಮೂರೂ ಕೂಡಿದ ಕಡೆ ಮಾತ್ರ ನೋಡದೆ ನಂಬುವುದು ತಪ್ಪಾಗುತ್ತದೆ.

ಆಯಿಲ್ ಬದಲಿಸುವ ಕೆಲಸವೇನೋ ಸಣ್ಣದು. ಹಳೆಯ ಹೆಚ್ಚಿನ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ಒಬ್ಬರು ಪೆಡಲ್ ತುಳಿದು ಹಿಡಿದಿರಬೇಕು, ಇನ್ನೊಬ್ಬರು ಕೆಳಗೆ ಕೂತು ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ, ಕಾಲು ಎತ್ತುವ ಮೊದಲೇ ಬಿಗಿಯಬೇಕು. ಮೊದಲು ಬರುವುದು ಕಾಫಿ ಬಣ್ಣದ ಹಳೆಯದು, ನಡುವೆ ಗುಳ್ಳೆಗಳು. ತಿಳಿಯಾದ ಹೊಸ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೆ ತುಳಿಯುತ್ತಲೇ ಇರಬೇಕು, ನಾಲ್ಕೂ ಚಕ್ರಗಳಲ್ಲಿ.